ರೂಮಿನ ತೆರಿಗೆಗೆ ಊರಿನ ಮತ

2025ರ ಮೇ 1, ಗುರುವಾರ. ಕಾರ್ಮಿಕರ ದಿನದ ರಜೆ. ಆದರೂ ಹೈದರಾಬಾದಿನ ಗಚ್ಚಿಬೌಲಿಯ ನಮ್ಮ ಆಫೀಸಿನಲ್ಲಿ ಆರು ಮಂದಿ ಗಡಿಯಾರ ನೋಡುತ್ತ ಕೂತಿದ್ದೆವು. ಮಧ್ಯಾಹ್ನ ಹನ್ನೆರಡೂವರೆಗೆ ಅಮೆರಿಕದ ಪಶ್ಚಿಮ ತೀರದ ಸ್ಯಾನ್ ಡಿಯಾಗೊದಲ್ಲಿ ನಡುರಾತ್ರಿ ಹನ್ನೆರಡು. ಆ ಗಳಿಗೆಯಿಂದ ಅಲ್ಲಿನ ಹೋಟೆಲ್ ರೂಮುಗಳ ತೆರಿಗೆ ಏರುವುದಿತ್ತು. ಅದನ್ನು ಕಂಪ್ಯೂಟರಿನಲ್ಲಿ ಏರಿಸುವವರು ನಾವು.

ಊರಿಗೆ ಹೋದಾಗ ಏನು ಕೆಲಸ ಎಂದು ಕೇಳಿದವರಿಗೆ 'ಹೋಟೆಲ್ ಲೈನ್' ಎನ್ನುತ್ತೇನೆ. ಹಾಗಾದರೆ ನಿಮ್ಮಲ್ಲಿ ದೋಸೆ ಹೇಗಿರುತ್ತದೆ ಎಂಬುದು ಮುಂದಿನ ಪ್ರಶ್ನೆ. ನಾನು ಒಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿರುವುದು ಒಮ್ಮೆಯೂ ಕಾಲಿಡದ ಹೋಟೆಲುಗಳ ಲೆಕ್ಕ. ರೂಮಿನ ದರ, ಪಾರ್ಕಿಂಗ್, ತೆರಿಗೆ, ಇಷ್ಟೇ.

ಸ್ಯಾನ್ ಡಿಯಾಗೊದಲ್ಲಿ ಅಲ್ಲಿಯವರೆಗೆ ಇದ್ದದ್ದು ಶೇ 10.5. ಹೊಸ ಲೆಕ್ಕದಲ್ಲಿ ಊರನ್ನು ಮೂರು ವಲಯ ಮಾಡಿದ್ದರು. ಕಡಲಂಚಿನ ದೊಡ್ಡ ಕನ್ವೆನ್ಷನ್ ಸೆಂಟರಿಗೆ ಹತ್ತಿರದ ಹೋಟೆಲಿಗೆ ಶೇ 13.75, ಸ್ವಲ್ಪ ದೂರದ್ದಕ್ಕೆ 12.75, ಇನ್ನೂ ದೂರದ್ದಕ್ಕೆ 11.75. ಅವಸರದಲ್ಲಿ ನಾನು ನಡುವಿನ ವಲಯದ ಒಂದು ಹೋಟೆಲನ್ನು ಹತ್ತಿರದ ವಲಯಕ್ಕೆ ಸೇರಿಸಿಬಿಟ್ಟೆ. ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಮೂರನೇ ದಿನ ಅತಿಥಿಯೊಬ್ಬರ ಇಮೇಲ್ ಬಂತು. ಎರಡು ಡಾಲರ್ ಚಿಲ್ಲರೆ ಹೆಚ್ಚಾಗಿದೆ ಎಂಬುದು ಅವರ ದೂರಿನ ಒಂದು ಭಾಗ ಅಷ್ಟೇ. ಈ ತೆರಿಗೆ ಹಾಕಿದವರು ಯಾರು, ನನ್ನನ್ನು ಯಾರು ಕೇಳಿದರು ಎಂಬುದು ಉಳಿದ ಭಾಗ.

ಎರಡು ದಿನದ ಬಿಲ್ಲುಗಳನ್ನೆಲ್ಲ ತಿದ್ದಿ, ಬೈಸಿಕೊಂಡು, ಹಣ ವಾಪಸ್ ಹಾಕಿಸಿದೆ. ಎರಡನೇ ಪ್ರಶ್ನೆಗೂ ಉತ್ತರ ಬರೆಯಬೇಕಿತ್ತು. ಹುಡುಕುತ್ತ ಹೋದಾಗ ಸಿಕ್ಕಿದ ಕಥೆ ನನ್ನನ್ನು ರಾತ್ರಿ ಒಂದು ಗಂಟೆಯವರೆಗೆ ಕೂರಿಸಿತು.

ಅಲ್ಲಿ ಊರಿನ ತೆರಿಗೆ ಏರಿಸಬೇಕಾದರೆ ಊರಿನ ಮತದಾರರನ್ನು ಕೇಳಬೇಕು. ಇಂಥದ್ದಕ್ಕೇ ಖರ್ಚು ಮಾಡುತ್ತೇವೆ ಎಂದು ಮೀಸಲಿಡುವ ತೆರಿಗೆಯಾದರೆ ಮೂರರಲ್ಲಿ ಎರಡು ಪಾಲು ಮತ ಬೇಕೆಂಬುದು ಕ್ಯಾಲಿಫೋರ್ನಿಯಾದ ಕಟ್ಟಳೆ. 2004ರಲ್ಲಿ ಎರಡು ಸಲ ಕೇಳಿದರು, ಎರಡು ಸಲವೂ ಬಿತ್ತು. ಆಮೇಲೆ ಒಂದು ಜಾಣತನ ಮಾಡಿದರು. ಊರಿನ ಜನರನ್ನು ಬಿಟ್ಟು, ಹೋಟೆಲ್ ಮಾಲೀಕರ ಮತವನ್ನಷ್ಟೇ ಪಡೆದು ತೆರಿಗೆ ಹಾಕಲು ಹೊರಟರು. ಅದು ನಡೆಯುವುದಿಲ್ಲ, ನೋಂದಾಯಿತ ಮತದಾರರನ್ನೇ ಕೇಳಬೇಕು ಎಂದು 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

2020ರ ಮಾರ್ಚ್ 3ರಂದು ಮತ್ತೆ ಮತದಾನ. ಈ ಸಲ 'ಮೆಷರ್ ಸಿ' ಎಂಬ ಹೆಸರಿನಲ್ಲಿ, ನಾಗರಿಕರೇ ಸಹಿ ಸಂಗ್ರಹಿಸಿ ತಂದ ಪ್ರಸ್ತಾವ. ಹೌದು ಎಂದವರು ಶೇ 65.24. ಬೇಕಿದ್ದದ್ದು 66.67. ಒಂದೂವರೆ ಪಾಲಿಗೂ ಕಡಿಮೆ ಅಂತರದಲ್ಲಿ ಸೋತಿತು ಎಂದೇ ಎಲ್ಲರೂ ತಿಳಿದರು. ಆದರೆ ನಾಗರಿಕರೇ ತಂದ ತೆರಿಗೆ ಪ್ರಸ್ತಾವಕ್ಕೆ ಸರಳ ಬಹುಮತ ಸಾಕು ಎಂಬ ತೀರ್ಪುಗಳು ಬೇರೆ ಊರುಗಳ ಮೊಕದ್ದಮೆಗಳಲ್ಲಿ ಬರುತ್ತಿದ್ದವು. ಅದನ್ನು ಹಿಡಿದು 2021ರ ಏಪ್ರಿಲ್‌ನಲ್ಲಿ ನಗರಸಭೆ, ಇದು ಗೆದ್ದಿದೆ ಎಂದು ಘೋಷಿಸಿತು. ಮತ್ತೆ ಕೋರ್ಟು. ಮತ ಬಿದ್ದ ಐದು ವರ್ಷಕ್ಕೆ ತೆರಿಗೆ ಜಾರಿಗೆ ಬಂತು, ನನ್ನ ರಜೆ ಹೋಯಿತು.

ಇದನ್ನು ನಮ್ಮ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆ. ತುಂಗಭದ್ರೆಯ ದಡದ ನಮ್ಮೂರಿನಲ್ಲಿ ಅವರದು ಹದಿನೆಂಟು ರೂಮಿನ ಲಾಡ್ಜ್. ಅವರು ನಕ್ಕರು. 'ಕೊಡೋನು ಪರಊರಿನವನು, ಓಟು ಹಾಕೋನು ಊರವನು. ಇಷ್ಟು ಸುಲಭದ ಓಟಿಗೆ ಇಪ್ಪತ್ತು ವರ್ಷ ಬೇಕಾಯ್ತೇನೋ?'

ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಆ ಪ್ರಸ್ತಾವದಲ್ಲಿ ಹಣ ಎಲ್ಲಿಗೆ ಹೋಗುತ್ತದೆಂದು ಬರೆದಿತ್ತು. ಮೊದಲ ಐದು ವರ್ಷ ಶೇ 59 ಕನ್ವೆನ್ಷನ್ ಸೆಂಟರಿಗೆ, ಶೇ 41 ಮನೆಯಿಲ್ಲದೆ ಬೀದಿಯಲ್ಲಿ ಮಲಗುವವರ ನೆರವಿಗೆ. ಆಮೇಲೆ ಆ 41ರಲ್ಲಿ 10 ರಸ್ತೆ ರಿಪೇರಿಗೆ. ಇದನ್ನು ಓದಿ ಹೇಳಿದಾಗ ಚಿಕ್ಕಪ್ಪ ಸುಮ್ಮನಾದರು. 'ಬರೆದು ಕೊಟ್ಟಿದ್ದಾರಾ?' ಎಂದು ಎರಡು ಸಲ ಕೇಳಿದರು.

ಅವರು ಕೇಳಿದ್ದಕ್ಕೆ ಕಾರಣ ಲಾಡ್ಜಿನ ಮುಂದಿನ ಮೋರಿ. ಮೂರು ಮಳೆಗಾಲದಿಂದ ಅದು ಉಕ್ಕಿ ಮೆಟ್ಟಿಲಿಗೆ ಬರುತ್ತದೆ. ಬಂದ ಅತಿಥಿ ಮೂಗು ಮುಚ್ಚಿಕೊಂಡು ಮುಂದಿನ ಬೀದಿಯ ಲಾಡ್ಜಿಗೆ ಹೋಗುತ್ತಾನೆ. ಅರ್ಜಿ ಕೊಟ್ಟರೆ ಅನುದಾನ ಬರಲಿ ಎಂಬ ಉತ್ತರ.

ನಮ್ಮಲ್ಲಿ ರೂಮಿನ ತೆರಿಗೆ ನಿರ್ಧರಿಸುವುದು ಜಿಎಸ್‌ಟಿ ಮಂಡಳಿ. ಅಲ್ಲೂ ಮತದ ವ್ಯವಸ್ಥೆ ಉಂಟು. ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಮೂರನೇ ಎರಡು, ಗೆಲ್ಲಲು ನಾಲ್ಕರಲ್ಲಿ ಮೂರು ಪಾಲು. ಮೊದಲ ಬಾರಿಗೆ ನಿಜವಾಗಿ ಮತ ಹಾಕಿದ್ದು 2019ರ ಡಿಸೆಂಬರಿನಲ್ಲಿ, ಅದೂ ಲಾಟರಿ ಟಿಕೆಟ್ಟಿನ ತೆರಿಗೆಗೆ! ಚಿಕ್ಕಪ್ಪನ ಒಂಬೈನೂರು ರೂಪಾಯಿಯ ರೂಮಿಗೆ ಮೊದಲು ತೆರಿಗೆ ಇರಲಿಲ್ಲ. 2022ರ ಜುಲೈ 18ರಿಂದ ಶೇ 12 ಆಯಿತು. 2025ರ ಸೆಪ್ಟೆಂಬರ್ 22ರಿಂದ ಶೇ 5. ಇಳಿಯಿತಲ್ಲ ಎಂದರೆ, ಬೆಡ್‌ಶೀಟು, ಗೀಸರು ಕೊಂಡಾಗ ಕಟ್ಟಿದ ತೆರಿಗೆಯ ಕ್ರೆಡಿಟ್ ಈಗ ಸಿಗದು ಎಂಬುದು ಅವರ ಗೊಣಗಾಟ. ಏರಿದರೂ ಇಳಿದರೂ ಆ ಹಣ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಊರಿನ ಆಡಳಿತಕ್ಕೆ ಲಾಡ್ಜಿನಿಂದ ನೇರವಾಗಿ ಸಿಗುವುದು ಆಸ್ತಿ ತೆರಿಗೆ, ಲೈಸೆನ್ಸ್ ಶುಲ್ಕದಂಥವು. ಊರಿಗೆ ಎಷ್ಟು ಪ್ರವಾಸಿಗರು ಬಂದು ಮಲಗಿದರೂ ಮೋರಿಗೆ ಅದರ ಸುದ್ದಿ ಮುಟ್ಟುವುದಿಲ್ಲ.

ಹೊರಗಿನವನ ಜೇಬಿಗೆ ಊರವರು ಮತ ಹಾಕುವುದು ನ್ಯಾಯವೇ ಎಂಬ ಆ ಅತಿಥಿಯ ಪ್ರಶ್ನೆ ಸಣ್ಣದಲ್ಲ. ಹೊರರಾಜ್ಯದಲ್ಲಿ ಬಾಡಿಗೆ ಮನೆಯಲ್ಲಿದ್ದು, ಓಟನ್ನು ಇನ್ನೂ ಊರಿನ ಪಟ್ಟಿಯಲ್ಲೇ ಇಟ್ಟುಕೊಂಡಿರುವ ನನ್ನಂಥವರಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಆದರೂ ಆ ರಾತ್ರಿ ನನಗೆ ಸ್ಯಾನ್ ಡಿಯಾಗೊದವರ ಮೇಲೆ ಹೊಟ್ಟೆಕಿಚ್ಚಾಯಿತು. ಅತಿಥಿಗೆ ಮೂರು ಸಾಲಿನ ಉತ್ತರ ಬರೆದೆ: ಊರವರು ಮತ ಹಾಕಿದ್ದಾರೆ, ಇಂಥಿಂಥದ್ದಕ್ಕೆ ಹೋಗುತ್ತದೆ, ನನ್ನ ತಪ್ಪಿಗೆ ಕ್ಷಮಿಸಿ. ಅವರು ಮರುತ್ತರ ಬರೆಯಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪ ಪೂಜೆಗೆ ಕೂತಿದ್ದರು, ಕೌಂಟರಿನಲ್ಲಿ ನಾನಿದ್ದೆ. ಯಾತ್ರಿಕರೊಬ್ಬರು ರೂಮು ಖಾಲಿ ಮಾಡಿದರು. ಬಿಲ್ಲು ಬರೆದೆ. ರೂಮು 900, ಕೇಂದ್ರ 22.50, ರಾಜ್ಯ 22.50, ಒಟ್ಟು 945. ಅವರು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿ ಹಣ ಎಣಿಸಿಕೊಟ್ಟರು. ಆಮೇಲೆ ಬ್ಯಾಗು ತಲೆಗೇರಿಸಿಕೊಂಡು, ಮೋರಿಯ ಮೇಲೆ ಚಿಕ್ಕಪ್ಪ ಹಾಕಿಸಿದ್ದ ಹಲಗೆಯನ್ನು ಹುಷಾರಾಗಿ ದಾಟಿ ಹೋದರು.