ಪಿಎಚ್ ಮೀಟರ್‌ಗೂ ಸ್ನಾನ ಬೇಕು!

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಪ್ರಾಜೆಕ್ಟ್‌ಗೆಂದು ಸೇಡಂ ತಾಲೂಕಿನ ಒಂದು ಹಳ್ಳಿಗೆ ಹೋಗಿ ಬಾವಿ ನೀರು ಟೆಸ್ಟ್ ಮಾಡಿದ್ವಿ. ಪಿಎಚ್ 8.9 ಬಂತು. ಕುಡಿಯುವ ನೀರಿನ ಐಎಸ್ 10500 ಮಾನದಂಡದ ಪ್ರಕಾರ ಅದು 6.5ರಿಂದ 8.5ರೊಳಗೆ ಇರಬೇಕು. "ಹಂಗಂದ್ರ ಈ ನೀರು ಕುಡಿಬಾರ್ದೇನ್ ತಮ್ಮಾ?" ಅಂತ ಆ ಮನೆಯ ಅವ್ವ ಕೇಳಿದ್ರು. ನಾವು ದೊಡ್ಡ ಎಂಜಿನಿಯರ್‌ಗಳ ಹಾಗೆ "ಬ್ಯಾಡ ಅವ್ವಾ" ಅಂದುಬಿಟ್ವಿ.

ಲ್ಯಾಬ್‌ಗೆ ಬಂದು ಅದೇ ಮೀಟರನ್ನು ಪಿಎಚ್ 7ರ ಬಫರ್‌ನಲ್ಲಿ ಅದ್ದಿದ್ರೆ 8.1 ತೋರಿಸಿತು! ತಪ್ಪು ನೀರಿನದಲ್ಲ, ನಮ್ಮದು.

ಹೀಗ್ಯಾಕೆ? ಸೇಡಂ, ಚಿತ್ತಾಪುರ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದಿದ್ದೇ ಸುಣ್ಣದಕಲ್ಲಿಗಾಗಿ. ನಾವು ಮನೆಯಲ್ಲಿ ಹಾಸಿಕೊಳ್ಳುವ ಶಹಾಬಾದ್ ಕಲ್ಲೂ ಅದೇ ಜಾತಿ. ಈ ಕಲ್ಲಿನ ಬಿರುಕುಗಳಲ್ಲಿ ಇಳಿಯುವ ಮಳೆನೀರು ಕ್ಯಾಲ್ಸಿಯಂ ಕರಗಿಸಿಕೊಂಡು ಗಡಸಾಗುತ್ತೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರವೇ ಎಲೆಕ್ಟ್ರೋಡ್‌ನ ಗಾಜಿನ ಬುರುಡೆ ಮೇಲೂ ಕೂರುತ್ತೆ. ಆಗ ಹೈಡ್ರೋಜನ್ ಅಯಾನುಗಳು ಗಾಜನ್ನು ಸರಿಯಾಗಿ ತಲುಪೋದಿಲ್ಲ. ಮಳೆಗಾಲದಲ್ಲಿ ಕಾಗಿಣಾ ಅಥವಾ ಚಿಂಚೋಳಿಯ ಮುಲ್ಲಾಮಾರಿಯ ಕೆಸರು ನೀರಿಗೆ ಅದ್ದಿದರೆ ಎಲೆಕ್ಟ್ರೋಡ್‌ನ ಪಕ್ಕದ ಸಣ್ಣ ರಂಧ್ರ ಕಟ್ಟಿಕೊಂಡು ಓದು ಇನ್ನಷ್ಟು ಅಲ್ಲಾಡುತ್ತೆ. ನಮ್ಮ ಮೀಟರ್ ಸಾಲದ್ದಕ್ಕೆ ತಿಂಗಳುಗಟ್ಟಲೆ ಒಣಗಿ ಬಿದ್ದಿತ್ತು.

ಸರಿಪಡಿಸಿದ್ದು ಹೀಗೆ:

1. ಡಿಸ್ಟಿಲ್ಡ್ ನೀರಿನಿಂದ ತೊಳೆದು, ಟಿಶ್ಯೂನಿಂದ ಒತ್ತಿ ಒರೆಸಿದ್ವಿ. ಉಜ್ಜಬಾರದು, ಗಾಜಿಗೆ ಗೀರು ಬೀಳುತ್ತೆ.

2. ಬಿಳಿ ಪದರಕ್ಕೆ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 15 ನಿಮಿಷ ಅದ್ದಿಟ್ವಿ. ಗ್ಲೌಸ್, ಕನ್ನಡಕ ಕಡ್ಡಾಯ. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ.

3. ಮತ್ತೆ ತೊಳೆದು, 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ರಾತ್ರಿಯಿಡೀ ಬಿಟ್ವಿ. ಯಾವಾಗಲೂ ಇಡಬೇಕಾದದ್ದು ಇದರಲ್ಲೇ, ಡಿಸ್ಟಿಲ್ಡ್ ನೀರಿನಲ್ಲಲ್ಲ.

4. ಮೊದಲು 7, ಆಮೇಲೆ 4 ಮತ್ತು 10ರ ಬಫರ್‌ನಿಂದ ಕ್ಯಾಲಿಬ್ರೇಟ್ ಮಾಡಿದ್ವಿ. ಫಸ್ಟ್ ಇಯರ್ ಕೆಮಿಸ್ಟ್ರಿಯ ನರ್ನ್‌ಸ್ಟ್ ಸಮೀಕರಣ ನೆನಪಿದೆಯಾ? 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ 59.16 ಮಿಲಿವೋಲ್ಟ್ ಬರಬೇಕು. ಅದರ ಶೇ. 95ಕ್ಕಿಂತ ಕಡಿಮೆಯಾದರೆ ಮತ್ತೆ ಸ್ವಚ್ಛ ಮಾಡಿ. ಆಗಲೂ ಏರದಿದ್ದರೆ ಎಲೆಕ್ಟ್ರೋಡ್ ಬದಲಿಸಿ.

ಬೇರೆ ಉಪಕರಣಗಳಿಗೂ ಇದೇ ಮಾತು. ವಾಹಕತೆ ಮೀಟರನ್ನು 1413 ಮೈಕ್ರೋಸೀಮೆನ್ಸ್ ದ್ರಾವಣದಲ್ಲಿ ಪರೀಕ್ಷಿಸಿ. ಟರ್ಬಿಡಿಟಿ ಮೀಟರ್‌ನ ಗಾಜಿನ ಸೀಸೆಗೆ ಬೆರಳಚ್ಚು ಬಿದ್ದರೂ ಬೆಳಕು ಚದುರಿ ತಿಳಿನೀರು ಕೂಡ ಕದಡಿದಂತೆ ಕಾಣುತ್ತೆ.

ಮುಂದಿನ ಭಾನುವಾರ ಮತ್ತೆ ಹೋದ್ವಿ. ಅದೇ ಬಾವಿ, ಪಿಎಚ್ 7.6. ಅವ್ವ ವಾರವಿಡೀ ದೂರದ ನಲ್ಲಿಯಿಂದ ಕೊಡ ಹೊತ್ತಿದ್ರು. ತಪ್ಪಾಯ್ತು ಅಂದ್ವಿ. ಜೊತೆಗೆ, ಪಿಎಚ್ ಸರಿ ಇದ್ದ ಮಾತ್ರಕ್ಕೆ ಕುಡಿಯಲು ಯೋಗ್ಯ ಅಂತಲ್ಲ, ಫ್ಲೋರೈಡ್, ನೈಟ್ರೇಟ್, ರೋಗಾಣುಗಳ ಪರೀಕ್ಷೆಯೂ ಆಗಬೇಕು ಅಂತ ಈ ಸಲ ಬಿಡಿಸಿ ಹೇಳಿದ್ವಿ.

ಗೆಳೆಯರೇ, ಫೀಲ್ಡ್‌ಗೆ ಹೋಗುವಾಗ ಬ್ಯಾಗಿನಲ್ಲಿ ಬಫರ್ ಬಾಟಲಿ ಇರಲಿ. ಅದರಲ್ಲಿ ಮೀಟರ್ 7 ತೋರಿಸದಿದ್ದರೆ, ಯಾರ ನೀರಿನ ಬಗ್ಗೆಯೂ ಮಾತಾಡಬೇಡಿ.