ನಿಮಗಿದು ಗೊತ್ತೆ? ಗಿಟಾರ್ ಹಿಡಿದ ತತ್ವಪದ

● ರಾಕ್ ಬ್ಯಾಂಡ್ ದಾರಿ ಬದಲಿಸಿದರೆ ಅಭಿಮಾನಿಗಳಲ್ಲಿ ಎರಡು ಪಂಗಡ ಖಚಿತ. 2000ರಲ್ಲಿ ಇಂಗ್ಲೆಂಡಿನ ರೇಡಿಯೊಹೆಡ್ ತಂಡ ‘ಕಿಡ್ ಎ’ ಆಲ್ಬಂನಲ್ಲಿ ಗಿಟಾರ್ ಬದಿಗೆ ಸರಿಸಿ ಎಲೆಕ್ಟ್ರಾನಿಕ್ ನಾದ ಹಿಡಿದಾಗ ಹಲವರು ಮುನಿಸಿಕೊಂಡರು. ಆದರೂ ಅದು ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು.

● ಕನ್ನಡದಲ್ಲಿ ರಾಕ್ ಹಿಡಿದ ಹೊಸ ದಾರಿ ತತ್ವಪದದ್ದು. ಮೈಸೂರಿನಲ್ಲಿ ಬೆಳೆದ ಗಾಯಕ ರಘು ದೀಕ್ಷಿತ್ ಅವರ ಮೊದಲ ಬ್ಯಾಂಡ್ ‘ಅಂತರಾಗ್ನಿ’. ಅದು ಚದುರಿದ ಮೇಲೆ ಹುಟ್ಟಿದ್ದು ‘ರಘು ದೀಕ್ಷಿತ್ ಪ್ರಾಜೆಕ್ಟ್’. ಕಾಲಿಗೆ ಗೆಜ್ಜೆ, ಸೊಂಟಕ್ಕೆ ಬಣ್ಣದ ಲುಂಗಿ, ಕೈಯಲ್ಲಿ ಗಿಟಾರ್ ಅವರ ಗುರುತಾದವು.

● ಈ ತಂಡದ 2008ರ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ (1819–1889) ತತ್ವಪದಕ್ಕೆ ಡ್ರಮ್ಸ್, ಬೇಸ್ ಗಿಟಾರ್ ಜೊತೆಯಾದವು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಿ. ಅಶ್ವತ್ಥ್ ಕೊಟ್ಟ ಸಂಗೀತ ಕೇಳಿ ಬೆಳೆದವರಿಗೆ ಇದು ಬೇರೆಯೇ ರುಚಿ.

● ರಾಕ್‌ಗೆ ಹೊಸದಾದ ತತ್ವಪದ ಚಿಕ್ಕಬಳ್ಳಾಪುರ ಜಿಲ್ಲೆಗೆ ಹಳೆಯ ನಂಟು. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು ಕನ್ನಡ, ತೆಲುಗು ಎರಡರಲ್ಲೂ ಪದ ಕಟ್ಟಿದವರು. ‘ಕೈವಾರ ತಾತಯ್ಯ’ ಎಂದೇ ಜನ ಕರೆಯುವ ಅವರ ಹೆಸರಿನಲ್ಲಿ ಗುರುಪೂರ್ಣಿಮೆಗೆ ಅಲ್ಲಿ ಸಂಗೀತೋತ್ಸವ ನಡೆಯುತ್ತದೆ.