ಪತ್ರಿಕಾವಿದ್ಯೆಯ ಏಳನೆಯ ಪ್ರಶ್ನೆ

“ಪತ್ರಿಕೆಗೆ ಬರೆಯುವುದಕ್ಕೂ ಒಂದು ಕಾಲೇಜೇ? ಕಣ್ಣು ಕಿವಿ ನೆಟ್ಟಗಿದ್ದು ನಾಲ್ಕಕ್ಷರ ಬಂದರೆ ಸಾಲದೇನೋ, ಮಗು?” ಎಂದು ನಮ್ಮ ಅಜ್ಜಿಯವರು ಕೇಳಿದ್ದರು. ಪತ್ರಿಕೋದ್ಯಮದ ತರಗತಿಗೆ ಸೇರಲು ನಾವು ಮೈಸೂರಿಗೆ ಹೊರಟು ನಿಂತ ದಿನವದು. ಆಗ ತಕ್ಕ ಉತ್ತರ ತೋರಲಿಲ್ಲ, ನಕ್ಕು ಸುಮ್ಮನಾದೆವು. ಎರಡು ವರ್ಷಗಳ ಓದು ಮುಗಿದಿರುವ ಈಗ ಆ ಉತ್ತರವನ್ನು ಬರೆಯುತ್ತಿದ್ದೇವೆ. ಮಕ್ಕಳನ್ನು ಈ ವಿದ್ಯೆಗೆ ಕಳುಹಿಸಲೋ ಬೇಡವೋ ಎಂದು ಯೋಚಿಸುತ್ತಿರುವ ತಂದೆತಾಯಿಗಳಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲ ಪಾಠಗಳು ಚರಿತ್ರೆಯವು. ೧೮೪೩ನೆಯ ಇಸವಿ ಜುಲೈ ೧ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದು, ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿದ್ದ ಆ ಪಾಕ್ಷಿಕವು ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂಬ ಹೆಸರು ತಳೆದುದು, ಜುಲೈ ೧ನ್ನೇ ಇಂದಿಗೂ ಕನ್ನಡನಾಡಿನಲ್ಲಿ ಪತ್ರಿಕಾದಿನವಾಗಿ ಆಚರಿಸುವುದು, ಇವೆಲ್ಲ ಅಲ್ಲಿ ತಿಳಿದುವು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸರಕಾರವು ಪತ್ರಿಕೆಗಳ ಬಾಯಿ ಕಟ್ಟುವಂಥ ಶಾಸನವನ್ನು ಮಾಡಿದಾಗ, ‘ತಾತಯ್ಯ’ನವರೆಂದು ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರೆಂದು ಕೇಳಿದ ದಿನ ನಮ್ಮ ಎದೆಯುಬ್ಬಿತು. ಬರೆಯುವವನ ಹಕ್ಕೇ ಎಲ್ಲಕ್ಕೂ ದೊಡ್ಡದೆಂದು ಅಂದೇ ನಿಶ್ಚಯಿಸಿಕೊಂಡೆವು.

ಅನಂತರ ಬರವಣಿಗೆಯ ಪಾಠ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳಿಗೆ ಉತ್ತರವಿಲ್ಲದ ವರದಿ ವರದಿಯೇ ಅಲ್ಲವೆಂದು ಗುರುಗಳು ಹೇಳಿದರು. ಮುಖ್ಯವಾದುದು ಮೊದಲು ಬರಬೇಕು. ಏಕೆಂದರೆ ಪುಟದಲ್ಲಿ ಸ್ಥಳ ಸಾಲದಾಗ ಕತ್ತರಿಗೆ ಸಿಕ್ಕುವುದು ಕೊನೆಯ ಸಾಲುಗಳೇ. ಅಜ್ಜಿ ಹೇಳುವ ಕತೆಯಲ್ಲಿ ರಾಜಕುಮಾರಿ ಬದುಕಿದಳೇ ಎಂಬುದು ಕಡೆಗೆ ತಿಳಿದರೆ ಸೊಗಸು. ವರದಿಯಲ್ಲಿ ಅದು ಮೊದಲ ಸಾಲಿನಲ್ಲಿಯೇ ತಿಳಿಯಬೇಕು! ಅಲಂಕಾರದ ಮಾತುಗಳಿಗೆಲ್ಲ ಕೆಂಪು ಮಸಿ ಬೀಳುತ್ತಿತ್ತು.

ಕಾನೂನಿನ ಪಾಠವನ್ನು ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡಿದೆವು. ಸಂವಿಧಾನದ ೧೯ನೆಯ ವಿಧಿಯಲ್ಲಿ ಪತ್ರಿಕೆಯ ಹೆಸರೇ ಇಲ್ಲ. ಸಕಲ ನಾಗರಿಕರಿಗೂ ಇರುವ ವಾಕ್ಸ್ವಾತಂತ್ರ್ಯವೇ ಪತ್ರಿಕಾಕರ್ತನಿಗೂ ಉಂಟು. ಅಪರಾಧಕ್ಕೆ ಸಿಲುಕಿದ ಮಕ್ಕಳ ಗುರುತನ್ನು ಪ್ರಕಟಿಸಕೂಡದೆಂದು ೨೦೧೫ರ ಬಾಲನ್ಯಾಯದ ಕಾನೂನು ವಿಧಿಸಿದೆ. ಇಂಥವನ್ನು ಮೀರದಿದ್ದರೆ ತಪ್ಪಿಲ್ಲವೆಂದು ನಾವು ಬಗೆದಿದ್ದೆವು.

ಹೀಗಿರಲು, ವಿದ್ಯಾರ್ಥಿಗಳೇ ಹೊರಡಿಸುವ ಅಭ್ಯಾಸಪತ್ರಿಕೆಗೆ ದೇವರಾಜ ಮಾರುಕಟ್ಟೆಯನ್ನು ಕುರಿತು ಬರೆಯುವ ಕೆಲಸ ನಮ್ಮ ಪಾಲಿಗೆ ಬಂತು. ಅಲ್ಲಿ ಹೂ ಮಾರುವ ಒಬ್ಬ ತಾಯಿ ನಮ್ಮನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಹೂ ಕಟ್ಟುತ್ತಲೇ ತನ್ನ ಬಾಳನ್ನೆಲ್ಲ ಹೇಳಿದಳು. ಗಂಡನ ಕಾಯಿಲೆ, ಅದಕ್ಕಾಗಿ ಮಾಡಿದ ಸಾಲ, ತೀರದ ಬಡ್ಡಿ, ಯಾವುದನ್ನೂ ಮರೆಮಾಡಲಿಲ್ಲ. ನಾವು ಅವಳ ಹೆಸರು, ಸಾಲದ ಮೊತ್ತ ಸಹಿತವಾಗಿ ಬರೆದೆವು. ಆರು ಪ್ರಶ್ನೆಗಳಿಗೂ ಉತ್ತರವಿತ್ತು, ಒಂದಕ್ಷರವೂ ಸುಳ್ಳಿರಲಿಲ್ಲ. ಗುರುಗಳು ಒಳ್ಳೆಯ ಅಂಕವನ್ನೇ ಕೊಟ್ಟರು.

ಪತ್ರಿಕೆಯ ಪ್ರತಿಯೊಂದನ್ನು ಹಿಡಿದು ಹೆಮ್ಮೆಯಿಂದ ಅವಳ ಬಳಿಗೆ ಹೋದೆವು. ಅವಳ ಬುಟ್ಟಿಯಲ್ಲಿ ಅರ್ಧದಷ್ಟೂ ಹೂವಿರಲಿಲ್ಲ. ದಿನವೂ ಮುಂಜಾನೆ ಅವಳಿಗೆ ಕಡವಾಗಿ ಹೂ ಕೊಟ್ಟು ಸಂಜೆ ಹಣ ಪಡೆಯುತ್ತಿದ್ದ ವರ್ತಕರು, ಯಾರೋ ತೋರಿಸಿದ ನಮ್ಮ ಬರಹವನ್ನು ಓದಿ, ಇಷ್ಟು ಸಾಲವಿರುವವಳಿಗೆ ಕಡ ಕೊಡುವುದಿಲ್ಲವೆಂದು ಬಿಟ್ಟಿದ್ದರು. ಅವಳು ನಮ್ಮನ್ನು ಬೈಯಲಿಲ್ಲ. “ನಿಂಗೆ ಹೇಳ್ದೆ ಕಣಪ್ಪಾ. ಊರಿಗೆಲ್ಲಾ ಹೇಳು ಅಂದ್ನಾ?” ಎಂದಷ್ಟೇ ಕೇಳಿದಳು.

ಆ ರಾತ್ರಿ ನಮಗೆ ಊಟ ಸೇರಲಿಲ್ಲ. ಮರುದಿನ ವರ್ತಕರ ಬಳಿಗೆ ಹೋಗಿ, ಅವಳು ಅವರ ಹಣವನ್ನು ಒಂದು ದಿನವೂ ಉಳಿಸಿಕೊಂಡವಳಲ್ಲವೆಂಬುದನ್ನು ನೆನಪಿಸಿ ಬೇಡಿಕೊಂಡೆವು. ಅರ್ಧ ಹಣವನ್ನು ಮುಂಗಡ ಕೊಟ್ಟರೆ ಉಳಿದರ್ಧಕ್ಕೆ ಕಡ ಕೊಡುವುದಾಗಿ ಅವರು ಒಪ್ಪಿದರು. ಮೊದಲಿನ ನಂಬಿಕೆಯನ್ನು ಪೂರ್ತಿಯಾಗಿ ಮರಳಿ ತಂದುಕೊಡುವುದು ನಮ್ಮಿಂದಾಗಲಿಲ್ಲ.

ಇದನ್ನು ತರಗತಿಯಲ್ಲಿ ನಾವೇ ಹೇಳಿಕೊಂಡೆವು. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಅಂಕ ಕೊಡುವಾಗ ಅದನ್ನು ಕೇಳಲಿಲ್ಲ” ಎಂದರು. ಅನಂತರ ಹಲಗೆಯ ಮೇಲೆ ಆರು ಪ್ರಶ್ನೆಗಳ ಕೆಳಗೆ ಏಳನೆಯದನ್ನು ಬರೆದರು: ಇದರಿಂದ ಯಾರಿಗೆ ಏನಾಗುವುದು?

ಇದರ ಅರ್ಥ, ನೋವಾಗುವುದೆಂದು ಹೆದರಿ ಬಾಯಿ ಮುಚ್ಚಿಕೊಂಡಿರಬೇಕೆಂದಲ್ಲ. ಲಂಚ ತಿಂದ ಅಧಿಕಾರಿಗೆ ವರದಿಯಿಂದ ನೋವಾದರೆ ಆಗಲಿ. ಸಾರ್ವಜನಿಕರ ಹಣಕ್ಕೆ ಅವನು ಲೆಕ್ಕ ಹೇಳಬೇಕಾದವನು. ಹತ್ತು ರೂಪಾಯಿ ಕಟ್ಟಿ ಸರಕಾರದ ಕಡತವನ್ನು ಕೇಳುವ ಹಕ್ಕನ್ನು ೨೦೦೫ರ ಮಾಹಿತಿ ಹಕ್ಕಿನ ಕಾನೂನು ಎಲ್ಲರಿಗೂ ಕೊಟ್ಟಿರುವುದು ಇದಕ್ಕಾಗಿಯೇ. ಆದರೆ ಹೂವಾಡಗಿತ್ತಿ ಊರಿಗೆ ಯಾವ ಲೆಕ್ಕವನ್ನು ಒಪ್ಪಿಸಬೇಕಾಗಿತ್ತು? ಸಣ್ಣ ವ್ಯಾಪಾರಿಗಳ ಸಾಲದ ಕಷ್ಟವನ್ನು ಅವಳ ಹೆಸರಿಲ್ಲದೆಯೂ ಹೇಳಬಹುದಾಗಿತ್ತು. ಕಡೆಯ ಪಕ್ಷ, “ಅಮ್ಮಾ, ಇದನ್ನು ಅಚ್ಚು ಹಾಕಿಸಲೇ?” ಎಂದು ಒಂದು ಮಾತು ಕೇಳಬಹುದಾಗಿತ್ತು.

ಕೈಯಲ್ಲೊಂದು ಮೊಬೈಲು ಇರುವ ಈ ಕಾಲದಲ್ಲಿ ಪ್ರತಿ ಮನೆಯೂ ಒಂದು ಪತ್ರಿಕಾಲಯವಾಗಿದೆ. ನೆರೆಮನೆಯ ಜಗಳ, ಬಂಧುಗಳ ಕಾಯಿಲೆ, ಯಾರದೋ ಮಗಳ ಚಿತ್ರ, ಎಲ್ಲವೂ ಕ್ಷಣದಲ್ಲಿ ನೂರು ಮನೆ ಮುಟ್ಟುತ್ತವೆ. ಆದುದರಿಂದ ಆ ಏಳನೆಯ ಪ್ರಶ್ನೆಯು ಕಾಲೇಜಿಗೆ ಹೋಗದವರಿಗೂ ಬೇಕಾದುದೇ.

ರಜೆಯಲ್ಲಿ ಊರಿಗೆ ಹೋದಾಗ ಇದೆಲ್ಲವನ್ನೂ ಅಜ್ಜಿಗೆ ಹೇಳಿದೆವು. ಅವರು, “ಕಣ್ಣು ಕಿವಿ ಸಾಕು ಅಂದಿದ್ದೆ. ಕರುಳನ್ನು ಬಿಟ್ಟಿದ್ದೆ, ಅಲ್ಲವೇನೋ?” ಎಂದರು.